‘ಮಾರ್ಗಮಧ್ಯೆ’ ಎಂಬ ಸುಳ್ಳು

ಈ ಸುದ್ದಿಯ ಮಾದರಿ ನಿಮಗೂ ಬಾಯಿಪಾಠವಾಗಿರುತ್ತದೆ. ಪತ್ರಿಕೆಯ ಜಿಲ್ಲಾ ಪುಟದ ಕೆಳಗೆ, ಒಂದು ಕಾಲಮ್ಮಿನಷ್ಟು ಜಾಗ. ‘108 ಆಂಬುಲೆನ್ಸ್‌ನಲ್ಲೇ ಹೆರಿಗೆ: ತಾಯಿ, ಮಗು ಕ್ಷೇಮ’ ಎಂಬ ತಲೆಬರಹ. ಟವೆಲ್ಲಿನಲ್ಲಿ ಸುತ್ತಿದ ಕೂಸನ್ನು ಎತ್ತಿಕೊಂಡು ನಿಂತ ಸಿಬ್ಬಂದಿಯ ಫೋಟೊ. ಒಳಗಿನ ವಾಕ್ಯಗಳೂ ಊರು ಬದಲಾದರೆ ಬದಲಾಗುವುದಿಲ್ಲ. ಗರ್ಭಿಣಿಯನ್ನು ಹೆಚ್ಚಿನ ಚಿಕಿತ್ಸೆಗಾಗಿ ಜಿಲ್ಲಾಸ್ಪತ್ರೆಗೆ ಕರೆದೊಯ್ಯಲಾಗುತ್ತಿತ್ತು; ಮಾರ್ಗಮಧ್ಯೆ ಹೆರಿಗೆ ನೋವು ಕಾಣಿಸಿಕೊಂಡಿತು; ಸಿಬ್ಬಂದಿ ಸಮಯಪ್ರಜ್ಞೆ ಮೆರೆದು ಸುರಕ್ಷಿತ ಹೆರಿಗೆ ಮಾಡಿಸಿದರು; ಸಾರ್ವಜನಿಕರಿಂದ ಮೆಚ್ಚುಗೆ ವ್ಯಕ್ತವಾಗಿದೆ.

ನಾನು ಕನ್ನಡ ವಿಭಾಗದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಜನಪದ ಹಾಡುಗಳಲ್ಲಿ ಹೆರಿಗೆ, ಬಾಣಂತನ ಹೇಗೆ ಬರುತ್ತವೆ ಎಂಬುದು ವಿಷಯ. ಹೀಗಾಗಿ ಹೆರಿಗೆಯ ಬಗ್ಗೆ ಎಲ್ಲಿ ಏನು ಕಂಡರೂ ಕತ್ತರಿಸಿಟ್ಟುಕೊಳ್ಳುವ ಚಟ ಹತ್ತಿದೆ. ಇಂಥ ಸುದ್ದಿ ತುಣುಕುಗಳದ್ದೇ ಒಂದು ಫೋಲ್ಡರ್ ತುಂಬಿದೆ. ಇದಕ್ಕೂ ನಿನ್ನ ಸಂಶೋಧನೆಗೂ ಏನಮ್ಮಾ ಸಂಬಂಧ ಎಂದು ನಮ್ಮ ಮಾರ್ಗದರ್ಶಕರು ಕೇಳುತ್ತಾರೆ. ಕಳೆದ ವರ್ಷದವರೆಗೆ ನನ್ನಲ್ಲೂ ಉತ್ತರ ಇರಲಿಲ್ಲ. ಆಮೇಲೆ ಅಂಥ ಒಂದು ಸುದ್ದಿಯೊಳಗೆ ನಾನೇ ಇದ್ದೆ. ಹೆಸರು ಬಂದಿರಲಿಲ್ಲ. ‘ಸಂಬಂಧಿಕರು’ ಎಂದಿತ್ತಲ್ಲ, ಅದರಲ್ಲಿ ಒಬ್ಬಳು.

ನನ್ನ ತಕರಾರು ಮೆಚ್ಚುಗೆಯ ಮೇಲಲ್ಲ. ಆ ಸುದ್ದಿಯ ಎರಡನೆಯ ವಾಕ್ಯದ ಮೇಲೆ. ‘ಮಾರ್ಗಮಧ್ಯೆ ಹೆರಿಗೆ ನೋವು ಕಾಣಿಸಿಕೊಂಡಿತು.’ ನೋವು ಕಾಣಿಸಿಕೊಳ್ಳದಿದ್ದರೆ ಆಕೆ ರಾತ್ರಿ ಎರಡೂವರೆಗೆ ಆ ಗಾಡಿ ಏಕೆ ಹತ್ತುತ್ತಿದ್ದಳು? ನೋವು ಮನೆಯಲ್ಲೇ ಕಾಣಿಸಿಕೊಂಡಿತ್ತು. ಆಸ್ಪತ್ರೆಯ ಮಂಚದ ಮೇಲೆ ಹೆಚ್ಚಾಗಿತ್ತು. ಅಲ್ಲಿ ಕೆಲವು ಗಂಟೆ ಅದನ್ನು ನೋಡುತ್ತ ಕುಳಿತವರಿದ್ದರು. ಸುದ್ದಿಯ ಭಾಷೆ ಇಷ್ಟನ್ನೂ ಅಳಿಸಿ, ನೋವು ಯಾವುದೋ ಮೈಲುಗಲ್ಲಿನ ಹತ್ತಿರ ಕಾದು ಕುಳಿತಿದ್ದು ಗಾಡಿ ಬಂದೊಡನೆ ಹತ್ತಿಕೊಂಡಿತು ಎಂಬಂತೆ ಬರೆಯುತ್ತದೆ. ‘ಕರೆದೊಯ್ಯಲಾಗುತ್ತಿತ್ತು’ ಎಂಬ ಕ್ರಿಯಾಪದಕ್ಕೆ ಕರ್ತೃವೇ ಇಲ್ಲ. ಕಳಿಸಿದವರು ಯಾರು, ಎಷ್ಟು ಹೊತ್ತಿಗೆ, ಏಕೆ? ವ್ಯಾಕರಣದ ತರಗತಿಯಲ್ಲಿ ಕರ್ಮಣಿ ಪ್ರಯೋಗವನ್ನು ನಿರಪಾಯಕಾರಿ ಎಂಬಂತೆ ಕಲಿಸುತ್ತಾರೆ. ಅದು ಎಷ್ಟು ಜನರನ್ನು ಬಚ್ಚಿಡಬಲ್ಲದು ಎಂಬುದು ನನಗೆ ಗೊತ್ತಾಗಿದ್ದು ಆ ರಾತ್ರಿಯ ಮೇಲೆ.

ಅಕ್ಕನದು ಮೊದಲ ಹೆರಿಗೆ. ನಮ್ಮ ಕಡೆ ಮೊದಲನೆಯದು ತವರಿನಲ್ಲೇ ಆಗಬೇಕು. ಏಳು ತಿಂಗಳವರೆಗೆ ಗಂಡನ ಊರಿನಲ್ಲಿದ್ದಳು. ತಪಾಸಣೆ, ಸೂಜಿ, ಆಶಾ ಕಾರ್ಯಕರ್ತೆಯ ಪರಿಚಯ ಎಲ್ಲ ಅಲ್ಲಿಯದೇ. ಕುಬಸ ಮಾಡಿ ಕರೆತಂದಾಗ ಬಂದದ್ದು ಅಕ್ಕ ಮತ್ತು ಅವಳ ತಾಯಿ ಕಾರ್ಡ್. ನಮ್ಮೂರ ಆಶಾಗೆ ಅವಳು ಯಾರೋ ಬೇರೆ ಊರಿನ ಲೆಕ್ಕ. ಕಾರ್ಡಿನಲ್ಲಿ ಹಿಮೋಗ್ಲೋಬಿನ್ 8.2 ಎಂದು ಬರೆದಿತ್ತು, ಕೆಂಪು ಪೆನ್ನಿನಲ್ಲಿ. ಕೆಂಪು ಎಂದರೆ ಏನೆಂದು ನಮಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಲಿಲ್ಲ. ಹೆರಿಗೆ ಹಾಡುಗಳ ಸಂಶೋಧಕಿ ನಾನು!

ರಾತ್ರಿ ಒಂಬತ್ತಕ್ಕೆ ನೋವು ಶುರುವಾಯಿತು. ಯಾರೂ ತಡ ಮಾಡಲಿಲ್ಲ. ಪಕ್ಕದ ಮನೆಯವರ ಟಂಟಂ ಹತ್ತಿ ಹತ್ತೂಕಾಲಿಗೆ ತಾಲ್ಲೂಕು ಆಸ್ಪತ್ರೆ ಮುಟ್ಟಿದೆವು. ಡ್ಯೂಟಿ ನರ್ಸ್ ಪರೀಕ್ಷೆ ಮಾಡಿ ‘ನಾಲ್ಕು ಸೆಂಟಿಮೀಟರ್, ಟೈಮ್ ಐತಿ’ ಎಂದರು. ಕಾರ್ಡ್ ನೋಡಿದರು, ಕೆಂಪು ಅಕ್ಷರವನ್ನೂ ನೋಡಿದರು. ಡಾಕ್ಟರು ಫೋನಿನಲ್ಲಿದ್ದರು. ಹನ್ನೆರಡಾಯಿತು, ಒಂದಾಯಿತು. ಎರಡಕ್ಕೆ ನೋಡಿದಾಗ ಎಂಟು ಸೆಂಟಿಮೀಟರ್. ಆಗ ಮತ್ತೊಂದು ಫೋನ್. ನಂತರ ಒಂದು ಚೀಟಿ: ರಕ್ತಹೀನತೆ ಇದೆ, ಇಲ್ಲಿ ರಕ್ತ ಲಭ್ಯವಿಲ್ಲ, ಅರಿವಳಿಕೆ ತಜ್ಞರಿಲ್ಲ, ಮೇಲಿನ ಆಸ್ಪತ್ರೆಗೆ ಕಳಿಸಿದೆ.

ರಕ್ತಹೀನತೆ ಹತ್ತೂಕಾಲಿಗೂ ಇತ್ತು. ರಕ್ತ, ಅರಿವಳಿಕೆ ತಜ್ಞರು ಹತ್ತೂಕಾಲಿಗೂ ಇರಲಿಲ್ಲ. ನಡುವಿನ ನಾಲ್ಕು ಗಂಟೆಯಲ್ಲಿ ಬದಲಾಗಿದ್ದು ಅಕ್ಕನ ಗರ್ಭದ ಬಾಯಿ ಮಾತ್ರ. ಅರವತ್ತು ಕಿಲೋಮೀಟರ್ ಪ್ರಯಾಣ ಮಾಡಬಹುದಾಗಿದ್ದ ಹೊತ್ತಿನಲ್ಲಿ ಇಟ್ಟುಕೊಂಡು, ಮಾಡಬಾರದ ಹೊತ್ತಿನಲ್ಲಿ ಕಳಿಸಿದರು.

ಆಂಬುಲೆನ್ಸ್ ಬೇಗ ಬಂತು. ಗಾಡಿ ಓಡಿಸುವವರನ್ನು ಅಲ್ಲಿ ‘ಪೈಲಟ್’ ಎನ್ನುತ್ತಾರೆ. ಹಿಂದೆ ರೋಗಿಯ ಜೊತೆ ಇರುವವರು ಇಎಂಟಿ. ಆ ರಾತ್ರಿಯ ಇಎಂಟಿ ಹೆಚ್ಚುಕಡಿಮೆ ನನ್ನದೇ ವಯಸ್ಸಿನ ಹೆಣ್ಣುಮಗಳು. ಆಕೆ ಚೀಟಿ ಓದಿದಳು, ಅಕ್ಕನ ಹೊಟ್ಟೆಯ ಮೇಲೆ ಕೈಯಿಟ್ಟು ವಾಚು ನೋಡಿದಳು. ಮತ್ತೆ ನರ್ಸ್ ಕಡೆ ತಿರುಗಿ ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ: ‘ಸಿಸ್ಟರ್, ಇದು ದಾರ್ಯಾಗ ಆಗ್ತೈತ್ರಿ. ಹೆರಿಗಿ ಇಲ್ಲೇ ಮಾಡ್ಸ್ರಿ, ನಾನೂ ನಿಂದರ್ತೀನಿ. ಆಮ್ಯಾಲ ಕರಕೊಂಡು ಹೋಗ್ತೀನಿ.’

ನರ್ಸ್ ಪಾಪ, ಒಬ್ಬರೇ ಇದ್ದರು. ‘ಡಾಕ್ಟ್ರು ಬರದು ಕೊಟ್ಟಾರ. ನಾ ಏನ್ ಮಾಡ್ಲಿ ಯವ್ವಾ?’

ಪತ್ರಿಕೆ ಹೊಗಳಿದ ‘ಸಮಯಪ್ರಜ್ಞೆ’ ಇತ್ತಲ್ಲ, ಅದು ಪ್ರಕಟವಾದದ್ದು ಇಲ್ಲಿ, ಆಸ್ಪತ್ರೆಯ ಬಾಗಿಲಲ್ಲಿ, ಟ್ಯೂಬ್‌ಲೈಟಿನ ಕೆಳಗೆ. ಯಾರೂ ಅದಕ್ಕೆ ಬೆಲೆ ಕೊಡಲಿಲ್ಲ. ಆಕೆಯ ಮಾತಿಗೆ ಆ ಕಟ್ಟಡದಲ್ಲಿ ತೂಕವೇ ಇರಲಿಲ್ಲ. ಮುಂದೆ ರಸ್ತೆಯ ಬದಿಯಲ್ಲಿ ಅದೇ ಮಾತು ನಿಜವಾದ ಮೇಲೆ ಅದು ಸಮಯಪ್ರಜ್ಞೆಯಾಯಿತು, ಸುದ್ದಿಯಾಯಿತು.

ಗಾಡಿಯಲ್ಲಿ ಅಕ್ಕನನ್ನು ಎಡಮಗ್ಗುಲಿಗೆ ಮಲಗಿಸಿದರು. ಇಪ್ಪತ್ತೈದು ಕಿಲೋಮೀಟರ್ ದಾಟಿರಬೇಕು. ಇಎಂಟಿ ಫೋನಿನಲ್ಲಿ ಕಾಲ್‌ಸೆಂಟರಿನ ವೈದ್ಯರ ಜೊತೆ ಮಾತಾಡುತ್ತಿದ್ದಳು, ನೆಟ್‌ವರ್ಕ್ ಹೋಯಿತು. ಅಕ್ಕ ಒಮ್ಮೆಲೇ ಬೇರೆ ದನಿಯಲ್ಲಿ ಕೂಗಿದಳು. ಆ ದನಿ ಯಾವ ಹಾಡಿನಲ್ಲೂ ಇಲ್ಲ. ‘ಅಣ್ಣಾ, ಸೈಡಿಗೆ ಹಾಕು. ಲೈಟ್ ಎಲ್ಲಾ ಹಚ್ಚು’ ಎಂದಳು ಇಎಂಟಿ. ಓಡುವ ಗಾಡಿಯಲ್ಲಿ ಹೆರಿಗೆ ಮಾಡಿಸಲು ಹೋಗಬಾರದಂತೆ, ನಿಲ್ಲಿಸಲೇಬೇಕಂತೆ. ಪೈಲಟ್ ಗಾಡಿ ನಿಲ್ಲಿಸಿ, ಬಾಗಿಲಿಗೆ ಬೆನ್ನು ಹಾಕಿ, ಟಾರ್ಚ್ ಹಿಡಿದ ಕೈಯನ್ನಷ್ಟೇ ಒಳಗೆ ಚಾಚಿ ನಿಂತರು. ಆ ಮರ್ಯಾದೆಯನ್ನು ನಾನು ಮರೆಯಲಾರೆ.

ತಲೆ ಬಂತು. ಹೊಕ್ಕುಳಬಳ್ಳಿ ಕುತ್ತಿಗೆಗೆ ಒಂದು ಸುತ್ತು ಹಾಕಿತ್ತು. ‘ಅಕ್ಕಾ, ಈಗ ತಿಣಕಬ್ಯಾಡ, ಬಾಯಿ ತಗದು ಉಸಿರು ಬಿಡು, ನನ್ನ ಕಡಿ ನೋಡು’ ಎನ್ನುತ್ತ ಬೆರಳಿನಿಂದ ಅದನ್ನು ತಲೆಯ ಮೇಲಿಂದ ಜಾರಿಸಿ ತೆಗೆದಳು. ಕೂಸು ಬಂತು, ಆದರೆ ಅಳಲಿಲ್ಲ. ಒರೆಸಿದಳು, ಬೆನ್ನು ತಿಕ್ಕಿದಳು, ಅಂಗಾಲು ತಟ್ಟಿದಳು. ನಂತರ ಪುಟ್ಟ ಮಾಸ್ಕ್ ಇಟ್ಟು ಚೀಲ ಒತ್ತತೊಡಗಿದಳು. ಎಷ್ಟು ಹೊತ್ತೋ. ಒಂದು ಮಿನಿಟೂ ಆಗಿರಲಿಕ್ಕಿಲ್ಲ ಎಂದು ಆಮೇಲೆ ಅವಳು ಹೇಳಿದಳು. ಕೂಸು ಅತ್ತಾಗ ಹೊರಗೆ ನಿಂತ ಪೈಲಟ್ ‘ಮಾದಪ್ಪಾ’ ಎಂದರು. ಆತ ನಮ್ಮ ಕಡೆಯವರಲ್ಲ, ಚಾಮರಾಜನಗರದ ಕಡೆಯವರು ಎಂದು ಗೊತ್ತಾದದ್ದು ಆಗ.

ಸುದ್ದಿ ಇಲ್ಲಿಗೆ ಮುಗಿಯುತ್ತದೆ. ಕೂಸು ಅತ್ತರೆ ಫೋಟೊ. ಆದರೆ ಆ ಹೆಣ್ಣುಮಗಳ ಮುಖ ಸಡಿಲವಾಗಿದ್ದು ಆಗಲ್ಲ. ಹೊಟ್ಟೆಯಲ್ಲಿ ಇನ್ನೊಂದು ಕೂಸಿಲ್ಲ ಎಂದು ಖಾತ್ರಿ ಮಾಡಿಕೊಂಡು, ಐಸ್ ಡಬ್ಬಿಯಿಂದ ಆಕ್ಸಿಟೋಸಿನ್ ತೆಗೆದು ತೊಡೆಗೆ ಸೂಜಿ ಚುಚ್ಚಿದಳು. ಮಾಸು ಬೀಳುವವರೆಗೆ ಬಳ್ಳಿಯನ್ನು ಎಳೆಯದೆ ಕಾದಳು. ಬಿತ್ತು. ಅದರ ಹಿಂದೆ ರಕ್ತ ಬಂತು, ಬರುತ್ತಲೇ ಇತ್ತು. ಅವಳು ನನ್ನ ಕೈ ಹಿಡಿದು ಅಕ್ಕನ ಹೊಕ್ಕುಳಿನ ಹತ್ತಿರ ಒತ್ತಿದಳು: ‘ಇಲ್ಲಿ ಗುಂಡಗ ಸಿಗ್ತೈತಲ್ರಿ, ಅದನ್ನ ತಿಕ್ಕ್ರಿ. ಕಲ್ಲಿನಂಗ ಗಟ್ಟಿ ಆಗಬೇಕು. ಮೆತ್ತಗಾತು ಅಂದ್ರ ಹೇಳ್ರಿ. ಬಿಡಬ್ಯಾಡ್ರಿ.’ ಅವಳು ಸಲೈನ್ ಹಚ್ಚಿದಳು, ಕೂಸನ್ನು ಅಕ್ಕನ ಎದೆಗೆ ಹಾಕಿ ಹೊದಿಸಿದಳು, ಗಾಡಿ ಹೊರಟಿತು. ಉಳಿದ ದಾರಿಯುದ್ದಕ್ಕೂ ನಾನು ತಿಕ್ಕಿದೆ. ಎರಡು ಸಲ ಮೆತ್ತಗಾಯಿತು. ಎರಡೂ ಸಲ ಅವಳು ನನ್ನ ಕೈ ಸರಿಸಿ ತಾನೇ ಒತ್ತಿದಳು.

8.2 ಹಿಮೋಗ್ಲೋಬಿನ್ ಇದ್ದವಳಿಗೆ ಆ ರಕ್ತ ಎಂದರೆ ಏನು ಎಂದು ಆಮೇಲೆ ಓದಿ ತಿಳಿದುಕೊಂಡೆ. ಹೆರಿಗೆಯ ನಂತರದ ರಕ್ತಸ್ರಾವ ತಡೆಯದೆ ಹೋದರೆ ಎರಡು ಗಂಟೆಯೊಳಗೆ ಪ್ರಾಣ ತೆಗೆಯಬಲ್ಲದು. ಗಟ್ಟಿಮುಟ್ಟಾದವಳು ತಡೆದುಕೊಳ್ಳುವಷ್ಟು ರಕ್ತನಷ್ಟವನ್ನೇ ರಕ್ತಹೀನತೆ ಇರುವವಳ ದೇಹ ತಡೆಯುವುದಿಲ್ಲ. ಇದು ಒಂದು ಅಪಾಯ ಮಾತ್ರ. ಕೂಸಿಗಿಂತ ಮೊದಲೇ ಬಳ್ಳಿ ಹೊರಗೆ ಜಾರಿದರೆ, ತಾಯಿಯನ್ನು ಮೊಣಕಾಲ ಮೇಲೆ ಬಗ್ಗಿಸಿ, ಕೂಸಿನ ತಲೆ ಬಳ್ಳಿಯನ್ನು ಅಮುಕದಂತೆ ಆಸ್ಪತ್ರೆ ಮುಟ್ಟುವವರೆಗೂ ಒಳಗೆ ಬೆರಳಿನಿಂದ ತಡೆಹಿಡಿಯಬೇಕು. ಭುಜ ಸಿಕ್ಕಿಕೊಂಡರೆ ತಾಯಿಯ ತೊಡೆಗಳನ್ನು ಹೊಟ್ಟೆಯ ಕಡೆ ಮಡಚಿ ಒತ್ತಬೇಕು. ಕಾಲು ಮೊದಲು ಬಂದರೆ ಎಳೆಯಬೇಕೆನ್ನುವ ಆಸೆಯನ್ನು ಅದುಮಿಕೊಂಡು ಕೈಕಟ್ಟಿ ಕೂರಬೇಕು. ಫಿಟ್ಸ್ ಬಂದರೆ ಇನ್ನೊಂದು ಬಗೆ. ಇಷ್ಟನ್ನೂ ನೆನಪಿನಲ್ಲಿಟ್ಟುಕೊಂಡ ಒಬ್ಬಳು, ತಲೆ ಎತ್ತಿ ನಿಲ್ಲಲಾಗದ ಗಾಡಿಯೊಳಗೆ, ಹನ್ನೆರಡು ಗಂಟೆಯ ಪಾಳಿಯ ಕೊನೆಯಲ್ಲಿ, ಒಬ್ಬಳೇ ಮಾಡಬೇಕು. ಹೃದಯಾಘಾತ, ಬೈಕ್ ಅಪಘಾತ, ಹಾವು ಕಡಿತ ಎಲ್ಲಕ್ಕೂ ಅದೇ ಗಾಡಿ, ಅದೇ ಅವಳು.

ಸೂಲಗಿತ್ತಿ ನರಸಮ್ಮನವರೂ ಒಬ್ಬರೇ ಮಾಡಲಿಲ್ಲವೇ ಎಂದು ನೀವು ಕೇಳಬಹುದು. ನಮ್ಮ ವಿಭಾಗದ ಸೆಮಿನಾರಿನಲ್ಲಿ ಒಬ್ಬರು ಕೇಳಿಯೇಬಿಟ್ಟರು. ಪಾವಗಡದ ಕಡೆಯ ಆ ಹಿರಿಯ ಜೀವ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು ಎನ್ನುತ್ತಾರೆ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಬಗ್ಗೆ ನನಗಿರುವ ಗೌರವ ಯಾರಿಗೂ ಕಡಿಮೆಯಿಲ್ಲ. ಆದರೆ ಸಾಹಿತ್ಯದವರಾದ ನಮಗೆ ಒಂದು ಕೆಟ್ಟ ಅಭ್ಯಾಸವಿದೆ. ವ್ಯವಸ್ಥೆಯೊಂದು ಇರಬೇಕಾದ ಕಡೆ ಒಬ್ಬ ತಾಯಿಯನ್ನು ನಿಲ್ಲಿಸಿ ಕೈಮುಗಿದುಬಿಡುತ್ತೇವೆ. ಮೊದಲು ಸೂಲಗಿತ್ತಿಯ ಕೈಗುಣ, ಈಗ ಇಎಂಟಿಯ ಸಮಯಪ್ರಜ್ಞೆ. ಸೂಲಗಿತ್ತಿಗೆ ಮೊರದಲ್ಲಿ ಅಕ್ಕಿ, ಕುಪ್ಪಸದ ಕಣ. ಇವರಿಗೆ ಶಾಲು, ಹಾರ. ‘ಹೆರಿಗೆ ಅಂದರೆ ಹೆಣ್ಣಿಗೆ ಮರುಹುಟ್ಟು’ ಎಂಬ ಮಾತನ್ನು ನಾನು ಪ್ರಬಂಧದ ಮೊದಲ ಅಧ್ಯಾಯದಲ್ಲೇ ಬಳಸಿದ್ದೆ, ಬಹಳ ಹೆಮ್ಮೆಯಿಂದ. ಈಗ ಓದಿದರೆ, ಅದರೊಳಗೆ ‘ಸತ್ತರೂ ಅದು ಸಹಜವೇ’ ಎಂಬ ಅರ್ಥವೂ ಕೂತಿದೆ ಅನಿಸುತ್ತದೆ.

ತಡಕ್ಕೆ ಕಾರಣ ಹಳ್ಳಿ ಜನ ಎನ್ನುವವರಿಗೂ ಒಂದು ಮಾತು. ಹೆರಿಗೆಯ ಸಾವುಗಳ ಬಗ್ಗೆ 1994ರಲ್ಲಿ ಥ್ಯಾಡಿಯಸ್ ಮತ್ತು ಮೇನ್ ಎಂಬ ಇಬ್ಬರು ಸಂಶೋಧಕಿಯರು ಬರೆದ ಲೇಖನವೊಂದು ಈಗಲೂ ಈ ವಿಷಯದ ಪಠ್ಯದಂತಿದೆ. ತಡ ಮೂರು ಬಗೆಯದು ಎಂದರು ಅವರು: ಆಸ್ಪತ್ರೆಗೆ ಹೋಗಬೇಕೆಂದು ತೀರ್ಮಾನಿಸುವಲ್ಲಿ ಆಗುವುದು, ಹೋಗಿ ಮುಟ್ಟುವಲ್ಲಿ ಆಗುವುದು, ಮುಟ್ಟಿದ ಮೇಲೆ ಚಿಕಿತ್ಸೆ ಸಿಗುವಲ್ಲಿ ಆಗುವುದು. ನಮ್ಮಲ್ಲಿ ಬೈಗುಳವೆಲ್ಲ ಮೊದಲನೆಯದಕ್ಕೆ, ಹಣವೆಲ್ಲ ಎರಡನೆಯದಕ್ಕೆ. ಅತ್ತೆ ಬಿಡಲಿಲ್ಲ, ನಾಟಿ ಔಷಧ ಕುಡಿಸಿದರು, ಬುದ್ಧಿಯಿಲ್ಲದ ಜನ. ಆದರೆ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿವೆ. ಜನ ಬಂದಾಗಿದೆ. ತಮ್ಮ ಪಾಲಿನ ಕೆಲಸ ಮಾಡಿಯಾಗಿದೆ. ಆದರೂ 2018–20ರ ಸರ್ಕಾರಿ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ನಮ್ಮಲ್ಲಿ 69 ತಾಯಂದಿರು ಸತ್ತರು, ಕೇರಳದಲ್ಲಿ 19. ದಕ್ಷಿಣದ ರಾಜ್ಯಗಳಲ್ಲಿ ನಮ್ಮದೇ ಹೆಚ್ಚು. ದೇಶದ ಸರಾಸರಿ 97ಕ್ಕಿಂತ ಕಡಿಮೆ ಎಂದು ಸಮಾಧಾನ ಮಾಡಿಕೊಳ್ಳುವವರು ಮಾಡಿಕೊಳ್ಳಲಿ.

ಆ ನೂರಕ್ಕೆ 97 ಎಂಬ ಅಂಕಿ ಹೆರಿಗೆ ಎಲ್ಲಿ ಆಯಿತು ಎಂಬುದನ್ನಷ್ಟೇ ಹೇಳುತ್ತದೆ. ಅದಕ್ಕೆ ಮೊದಲು ಎಷ್ಟು ಬಾಗಿಲು ಬಡಿದರು, ಎಷ್ಟು ಚೀಟಿ ಹಿಡಿದು ಓಡಾಡಿದರು ಎಂಬುದು ಅದರಲ್ಲಿಲ್ಲ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಮನೆಯಿಂದ ಆಸ್ಪತ್ರೆಗೆ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ, ಮತ್ತೆ ಮನೆಗೆ ವಾಹನ ಉಚಿತ. ಒಳ್ಳೆಯದೇ. ಆದರೆ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳಿಸುವುದು ಇಷ್ಟು ಸುಲಭವಾದ ಮೇಲೆ, ಅರಿವಳಿಕೆ ತಜ್ಞರಿಲ್ಲದ ಕೊರತೆಯನ್ನು ತುಂಬುವ ಅವಸರ ಯಾರಿಗೂ ಉಳಿದಂತೆ ಕಾಣುವುದಿಲ್ಲ. ಗಾಡಿ ಇದೆಯಲ್ಲ! ತಾಲ್ಲೂಕು ಆಸ್ಪತ್ರೆಯಲ್ಲಿ ಇಲ್ಲದ್ದೆಲ್ಲವೂ ಆ ಗಾಡಿಯಲ್ಲಿ ಇದ್ದೀತು ಎಂಬಂತೆ ನಡೆದುಕೊಳ್ಳುತ್ತೇವೆ. ನರ್ಸ್, ಲೇಬರ್ ಟೇಬಲ್, ವಾರ್ಮರ್, ನೀರು, ಬೆಳಕು ಇರುವ ಕೋಣೆಯಿಂದ ಎಂಟು ಸೆಂಟಿಮೀಟರಿನವಳನ್ನು ಎತ್ತಿ, ಅದ್ಯಾವುದೂ ಇಲ್ಲದ ಗಾಡಿಗೆ ಹಾಕುವುದಕ್ಕೆ ‘ಹೆಚ್ಚಿನ ಚಿಕಿತ್ಸೆ’ ಎಂದು ಹೆಸರು.

ತಿಳಿವಳಿಕೆಯ ಕೊರತೆ ಎಂದೂ ಹೇಳುವ ಹಾಗಿಲ್ಲ. ಆಕ್ಸಿಟೋಸಿನ್ ತಂಪಿನಲ್ಲಿರಬೇಕು, ಸೂಜಿಯಲ್ಲಿ ಕೊಡಬೇಕು. ಅದಿಲ್ಲದ ಕಡೆ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆ ರಕ್ತಸ್ರಾವವನ್ನು ತಡೆದೀತೇ ಎಂದು ಪರೀಕ್ಷಿಸಿ ನೋಡಿದ್ದು ಎಲ್ಲಿ? ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ. 1,620 ಹೆಂಗಸರು ಅದರಲ್ಲಿ ಭಾಗವಹಿಸಿದರು, ಮಾತ್ರೆ ಕೊಟ್ಟವರು ಎಎನ್ಎಂಗಳು. ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಆ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಜಗತ್ತಿಗೆ ಕಲಿಸಿದ ಪಾಠದಲ್ಲಿ ಉತ್ತರ ಕರ್ನಾಟಕದ ಹಳ್ಳಿ ಹೆಂಗಸರ ಮೈ ಇದೆ. ಅದೇ ಸೀಮೆಯ ಹೆಂಗಸರ ಬಗ್ಗೆ ‘ಮಾರ್ಗಮಧ್ಯೆ’ ಎಂದು ಬರೆಯುತ್ತೇವೆ.

ಇಷ್ಟೆಲ್ಲ ಕಹಿ ಏಕೆ, ಒಳ್ಳೆಯ ಸುದ್ದಿಯಿಂದ ಅವರಿಗೂ ಹುರುಪು ಬರುತ್ತದಲ್ಲ ಎಂದು ಪತ್ರಿಕೆಯಲ್ಲಿ ಕೆಲಸ ಮಾಡುವ ಗೆಳೆಯನೊಬ್ಬ ಹೇಳಿದ. ಬರುತ್ತದೆ, ಒಪ್ಪುತ್ತೇನೆ. ಆ ಇಎಂಟಿಯೂ ಪತ್ರಿಕೆಯ ತುಣುಕನ್ನು ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಹಾಕಿದ್ದಳು. ಆದರೆ ಬಾಕಿ ಸಂಬಳಕ್ಕಾಗಿ 108ರ ಸಿಬ್ಬಂದಿ ಮುಷ್ಕರದ ಎಚ್ಚರಿಕೆ ಕೊಟ್ಟದ್ದೂ ಇದೇ ಪತ್ರಿಕೆಗಳಲ್ಲಿ, ಒಂದಲ್ಲ ಹಲವು ಸಲ ಬಂದಿದೆ. ಆಗ ತಲೆಬರಹದಲ್ಲಿ ಸಮಯಪ್ರಜ್ಞೆ ಇರುವುದಿಲ್ಲ, ‘ರೋಗಿಗಳ ಪರದಾಟ’ ಇರುತ್ತದೆ. ಅದೇ ಜನ ಒಂದು ವಾರ ದೇವರು, ಇನ್ನೊಂದು ವಾರ ತೊಂದರೆ ಕೊಡುವವರು.

ಗೆಳೆಯನಿಗೆ ನಾನು ಹೇಳಿದ್ದು ಇಷ್ಟೇ. ಫೋಟೊ ಹಾಕು, ಹೆಸರೂ ಹಾಕು, ಆದರೆ ಇನ್ನು ನಾಲ್ಕು ಸಾಲು ಬರೆ. ಮೊದಲ ಆಸ್ಪತ್ರೆಗೆ ಎಷ್ಟು ಗಂಟೆಗೆ ಬಂದಳು? ಎಷ್ಟು ಗಂಟೆಗೆ ಕಳಿಸಿದರು? ಕಳಿಸುವಾಗ ಹೆರಿಗೆ ಎಷ್ಟು ಮುಂದುವರಿದಿತ್ತು? ಚೀಟಿಯ ಮೇಲೆ ಬರೆದ ಕಾರಣ ಬಂದ ಹೊತ್ತಿಗೆ ಗೊತ್ತಿರಲಿಲ್ಲವೇ? ಇದನ್ನು ಕೇಳಲು ತನಿಖಾ ಪತ್ರಕರ್ತ ಆಗಬೇಕಾಗಿಲ್ಲ. ಸರ್ಕಾರದ ಬಳಿಯೂ ಹಾದಿ ಇದೆ. ತಾಯಿ ಸತ್ತರೆ ಕಾರಣ ಹುಡುಕುವ ಪರಿಶೀಲನೆ ನಡೆಯುತ್ತದೆ. ಸಾವಿನ ಅಂಚಿಗೆ ಹೋಗಿ ಉಳಿದವರ ಪ್ರಕರಣಗಳನ್ನೂ ಪರಿಶೀಲಿಸಬೇಕೆಂದು ಕೇಂದ್ರ ಸರ್ಕಾರ 2014ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವಾಗ ರಸ್ತೆಯಲ್ಲಿ ಆದ ಪ್ರತಿಯೊಂದು ಹೆರಿಗೆಯನ್ನೂ ಆ ಪರಿಶೀಲನೆಗೆ ತನ್ನಿ. ಮೇಜಿನ ಸುತ್ತ ವೈದ್ಯಾಧಿಕಾರಿಗಳ ಜೊತೆ ಇಎಂಟಿಗೂ ಒಂದು ಕುರ್ಚಿ ಹಾಕಿ. ‘ಇದು ದಾರ್ಯಾಗ ಆಗ್ತೈತಿ’ ಎಂದು ಅವಳು ಹೇಳಿದರೆ, ಕಳಿಸುವ ವೈದ್ಯರು ಖುದ್ದಾಗಿ ಬಂದು ನೋಡಿ ಸಹಿ ಹಾಕದ ಹೊರತು ಗಾಡಿ ಕದಲಬಾರದು ಎಂಬ ನಿಯಮ ಮಾಡಿ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸತ್ತಾಗ ರಾಜ್ಯ ಬೆಚ್ಚಿತು, ಸಲೈನ್ ಬಾಟಲಿಯ ಬಗ್ಗೆ ವಿಚಾರಣೆ ನಡೆಯಿತು. ನಡೆಯಲೇಬೇಕಿತ್ತು. ಸಾಯದೆ ಉಳಿದವರ ಬಗ್ಗೆ ವಿಚಾರಣೆ ಮಾಡುವ ಅಭ್ಯಾಸವೇ ನಮಗಿಲ್ಲ, ಅವರದು ಶುಭಸುದ್ದಿ.

ಜಿಲ್ಲಾಸ್ಪತ್ರೆಯಲ್ಲಿ ಅಕ್ಕನಿಗೆ ಎರಡು ಬಾಟಲಿ ರಕ್ತ ಹಾಕಿದರು. ಐದನೆಯ ದಿನ ಬಿಡುಗಡೆ. ಕೂಸಿನ ಜನನ ಪ್ರಮಾಣಪತ್ರಕ್ಕೆ ಅರ್ಜಿ ತುಂಬುವಾಗ ‘ಹುಟ್ಟಿದ ಸ್ಥಳ’ ಎಂಬ ಕಡೆ ಭಾವ ಪೆನ್ನು ಹಿಡಿದು ಕೂತರು. ವಾಹನದಲ್ಲಿ ಹುಟ್ಟಿದರೆ ಏನು ಮಾಡಬೇಕೆಂದು ಜನನ ಮರಣ ನೋಂದಣಿಯ ನಿಯಮದಲ್ಲಿ ಇದೆಯಂತೆ: ವಾಹನದ ಜವಾಬ್ದಾರಿ ಹೊತ್ತವರು, ಅದು ಮೊದಲು ನಿಲ್ಲುವ ಊರಿನಲ್ಲಿ ಮಾಹಿತಿ ಕೊಡಬೇಕು. ಅಂದರೆ ಟಾರ್ಚ್ ಹಿಡಿದು ಬೆನ್ನು ತಿರುಗಿಸಿ ನಿಂತಿದ್ದ ನಮ್ಮ ಪೈಲಟ್ ಅಣ್ಣ. ಕೌಂಟರಿನವರಿಗೆ ಅಷ್ಟು ಪುರುಸೊತ್ತು ಇರಲಿಲ್ಲ. ‘ಜಿಲ್ಲಾಸ್ಪತ್ರಿ ಅಂತ ಬರೀರಿ’ ಎಂದರು. ಬರೆದೆವು. ಸುದ್ದಿಯಲ್ಲಿ ಮಾರ್ಗಮಧ್ಯೆ ಹುಟ್ಟಿದ ಕೂಸು ದಾಖಲೆಯಲ್ಲಿ ಆಸ್ಪತ್ರೆಯಲ್ಲಿ ಹುಟ್ಟಿದೆ.

ಮನೆಗೆ ಬಂದ ಮರುದಿನ ಒಂದು ಫೋನ್ ಬಂತು. ತಾಲ್ಲೂಕು ಆಸ್ಪತ್ರೆಯಿಂದಲ್ಲ, ಪತ್ರಿಕೆಯಿಂದಲೂ ಅಲ್ಲ. ಹಿಂದೆ ಸೈರನ್ನಿನ ಸದ್ದು. ‘ಅಕ್ಕಾರಿಗೆ ಈಗ ಹೆಂಗೈತ್ರಿ? ಬ್ಲೀಡಿಂಗ್ ಪೂರಾ ನಿಂತೈತೇನ್ರಿ? ಕಬ್ಬಿಣದ ಗುಳಗಿ ಬಿಡಬ್ಯಾಡ ಅಂತ ಹೇಳ್ರಿ.’ ಹೂಂ ಎನ್ನುವಷ್ಟರಲ್ಲಿ ಆ ಕಡೆ ಯಾರೋ ಅವಳನ್ನು ಕೂಗಿದರು. ‘ಇನ್ನೊಂದು ಕೇಸ್ ಐತ್ರಿ, ಇಡ್ತೀನಿ’ ಎಂದಳು.